ಮುಪ್ಪಿನ ಚಿತ್ರಗಳು: ಯಾವುದನ್ನು, ಯಾರ ಜೊತೆ ಕುಳಿತು ನೋಡಬೇಕು

ನಮ್ಮ ಬಡಾವಣೆಯ ಹಿರಿಯ ನಾಗರಿಕರ ಬಳಗದಲ್ಲಿ ಪ್ರತಿ ತಿಂಗಳ ಎರಡನೆಯ ಭಾನುವಾರ ಒಂದು ಚಲನಚಿತ್ರ ತೋರಿಸುವ ಪದ್ಧತಿಯಿದೆ. ಚಿತ್ರವನ್ನು ಆರಿಸುವ ಕೆಲಸ ಕೆಲವು ವರ್ಷಗಳಿಂದ ನನ್ನ ಪಾಲಿಗೆ ಬಂದಿದೆ. ಮೊದಲ ವರ್ಷವೇ ನಾನೊಂದು ದೊಡ್ಡ ತಪ್ಪು ಮಾಡಿದೆ. ಮೈಕೆಲ್ ಹಾನೆಕೆ ನಿರ್ದೇಶನದ 'ಅಮೋರ್' (2012) ಕಾನ್ ಚಿತ್ರೋತ್ಸವದ ಅತ್ಯುನ್ನತ ಪ್ರಶಸ್ತಿ ಪಡೆದ ಚಿತ್ರ, ಎಂಬತ್ತರ ಆಸುಪಾಸಿನ ಗಂಡಹೆಂಡಿರ ಕಥೆ, ಆದ್ದರಿಂದ ನಮ್ಮವರಿಗೆ ಒಪ್ಪುತ್ತದೆ ಎಂದು ಲೆಕ್ಕ ಹಾಕಿ ಅದನ್ನು ತೋರಿಸಿಬಿಟ್ಟೆ. ಅರ್ಧ ಗಂಟೆ ಕಳೆಯುವುದರೊಳಗೆ ಹಿಂದಿನ ಸಾಲಿನಲ್ಲಿದ್ದ ನಿವೃತ್ತ ಉಪನ್ಯಾಸಕರೊಬ್ಬರು ಸದ್ದಿಲ್ಲದೆ ಎದ್ದು ಹೊರಗೆ ಹೋದರು. ಅವರ ಹೆಂಡತಿ ಲಕ್ವ ಹೊಡೆದು ಎರಡು ವರ್ಷದಿಂದ ಹಾಸಿಗೆ ಹಿಡಿದಿದ್ದರೆಂಬುದು ನನಗೆ ಗೊತ್ತಿತ್ತು; ಗೊತ್ತಿದ್ದೂ ಆ ಹೊತ್ತಿಗೆ ಹೊಳೆದಿರಲಿಲ್ಲ. ಹಿಂದೆಯೇ ಹೋಗಿ ಕ್ಷಮೆ ಕೇಳಿದಾಗ ಅವರು, "ಚಿತ್ರ ಸುಳ್ಳು ಹೇಳುತ್ತಿಲ್ಲಪ್ಪ. ಆದರೆ ತಿಂಗಳಿಗೆ ಎರಡು ಗಂಟೆ ಆ ಕೋಣೆಯಿಂದ ಹೊರಗಿರೋಣ ಅಂತ ಇಲ್ಲಿಗೆ ಬರುತ್ತೇನೆ. ನೀನು ಮತ್ತೆ ಅದೇ ಕೋಣೆಯಲ್ಲಿ ಕೂರಿಸಿದೆ" ಎಂದರು.

ಅಂದಿನಿಂದ ಚಿತ್ರ ಆರಿಸುವಾಗ ಎರಡು ಪ್ರಶ್ನೆ ಕೇಳಿಕೊಳ್ಳುತ್ತೇನೆ. ಈ ಚಿತ್ರದಲ್ಲಿರುವ ಹಿರಿಯರಿಗೆ ಏನಾದರೂ ಬೇಕಾಗಿದೆಯೇ, ಇಲ್ಲವೇ ಅವರ ಮೇಲೆ ಒಂದಾದ ಮೇಲೊಂದು ಬಂದೆರಗುವುದನ್ನು ಮಾತ್ರ ನಾವು ನೋಡಬೇಕೇ ಎಂಬುದು ಮೊದಲನೆಯದು. ಎದುರಿಗೆ ಕೂರುವವರು ಯಾರು ಎಂಬುದು ಎರಡನೆಯದು. ವೃದ್ಧಾಪ್ಯದ ಚಿತ್ರಗಳೆಂದು ಹೆಸರಾದವುಗಳಲ್ಲಿ ಬಹುಪಾಲು ಮಕ್ಕಳಿಗಾಗಿಯೇ ಮಾಡಿದಂಥವು. ನಲವತ್ತರ ಮಗ ಕಣ್ಣೊರೆಸಿಕೊಂಡು ಊರಿಗೊಂದು ಫೋನು ಮಾಡಲಿ ಎಂಬುದು ಅವುಗಳ ಆಸೆ. ಅದರಲ್ಲಿ ತಪ್ಪೇನಿಲ್ಲ, ಆದರೆ ಎಪ್ಪತ್ತೈದರ ತಾಯಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಅಂಥದನ್ನು ನೋಡಿದರೆ ಮಗನಿಗೆ ಅಳು ಬರುತ್ತದೆ, ತಾಯಿಗೆ ಮುಜುಗರವಾಗುತ್ತದೆ. ಕೆಳಗಿನ ಹೋಲಿಕೆಯನ್ನು ಈ ಎರಡು ಪ್ರಶ್ನೆಗಳನ್ನು ಮುಂದಿಟ್ಟುಕೊಂಡೇ ಮಾಡಿದ್ದೇನೆ. ಕಥೆಯ ಕೊನೆಯನ್ನು ಕೆಲವೆಡೆ ಹೇಳದೆ ವಿಧಿಯಿಲ್ಲ, ಏಕೆಂದರೆ ಈ ಬಗೆಯ ಚಿತ್ರದಲ್ಲಿ ಕೊನೆ ಹೇಗಿದೆ ಎಂಬುದನ್ನು ತಿಳಿಯದೆ ಹಿರಿಯರೆದುರು ಹಾಕುವುದು ನಾನು ಮಾಡಿದ ತಪ್ಪನ್ನೇ ಮತ್ತೆ ಮಾಡಿದಂತೆ.

ಮಕ್ಕಳು ಹಂಚಿಕೊಂಡ ತಂದೆತಾಯಿ

ಕನ್ನಡದಲ್ಲಿ ಈ ಕಥೆಯ ಹಳೆಯ ಮಾದರಿ ಬಿ. ಆರ್. ಪಂತುಲು ಅವರು ನಿರ್ದೇಶಿಸಿ, ತಾವೇ ಮೇಷ್ಟ್ರಾಗಿ ನಟಿಸಿದ 'ಸ್ಕೂಲ್ ಮಾಸ್ಟರ್' (1958). ಎಂ. ವಿ. ರಾಜಮ್ಮ ಅವರು ಮೇಷ್ಟ್ರ ಹೆಂಡತಿ. ಊರ ಮಕ್ಕಳನ್ನೆಲ್ಲ ತಿದ್ದಿದ ಮೇಷ್ಟ್ರಿಗೆ ಸ್ವಂತ ಮಕ್ಕಳ ಮನೆಯಲ್ಲಿ ಜಾಗ ಸಿಗುವುದಿಲ್ಲ. ಕೊನೆಗೆ ಕೈಹಿಡಿಯುವವನು ಹಳೆಯ ಶಿಷ್ಯ. ಅದೇ ಹಂದರ ಹಿಂದಿಯಲ್ಲಿ 'ಬಾಗ್‌ಬಾನ್' (2003) ಆಗಿ, ಅಲ್ಲಿಂದ ವಿಷ್ಣುವರ್ಧನ್ ಮತ್ತು ಜಯಪ್ರದಾ ಅಭಿನಯದ 'ಈ ಬಂಧನ' (2007) ಆಗಿ ಕನ್ನಡಕ್ಕೆ ಬಂತು. ತಂದೆತಾಯಿಯನ್ನು ನೋಡಿಕೊಳ್ಳದ ಮಕ್ಕಳಿಂದ ಜೀವನಾಂಶ ಕೇಳಲು ಅವಕಾಶ ಕೊಡುವ ಹಿರಿಯ ನಾಗರಿಕರ ಕಾಯ್ದೆಯನ್ನು ಸಂಸತ್ತು ಅಂಗೀಕರಿಸಿದ್ದೂ 2007ರಲ್ಲೇ ಎಂಬುದು ಕಾಕತಾಳೀಯವಾದರೂ ಮರೆಯುವಂಥದಲ್ಲ. ಪರದೆಯ ಮೇಲೆ ಹಿರಿಯರು ಮೈಕಿನೆದುರು ನಿಂತು ಹೇಳಿದ್ದನ್ನು ಶಾಸನ ಕಲಮುಗಳಲ್ಲಿ ಬರೆಯಿತು.

ಈ ಸಾಲಿನ ಚಿತ್ರಗಳಲ್ಲಿ ಹೊರಗಿನವನೊಬ್ಬ ಬಂದು ಮಗನ ಜಾಗ ತುಂಬಬೇಕು. ಶಿಷ್ಯನಾದರೂ ಸರಿ, ಸಾಕುಮಗನಾದರೂ ಸರಿ. ಸ್ವಂತ ಮಕ್ಕಳು ಎಷ್ಟು ಕೆಟ್ಟವರೋ ಅಷ್ಟು ಚೆನ್ನಾಗಿ ಕಥೆ ಓಡುತ್ತದೆ, ಸೊಸೆಯಂದಿರಂತೂ ಪಾತ್ರಗಳೇ ಅಲ್ಲ, ಬರಿಯ ಮೂದಲಿಕೆ. ನೋಡುವ ಮಗನಿಗೆ ಇದರಿಂದ ಒಂದು ಅನುಕೂಲವೂ ಇದೆ: ನಾನು ಅಷ್ಟು ಕೆಟ್ಟವನಲ್ಲ ಎಂದುಕೊಂಡು ನಿರಾಳವಾಗಿ ಮನೆಗೆ ಹೋಗಬಹುದು. ಹಬ್ಬದಲ್ಲಿ ಮೂರು ತಲೆಮಾರು ಒಟ್ಟಿಗೆ ಕುಳಿತಿರುವಾಗ ಇಂಥದೇ ಬೇಕೆಂದಾದರೆ ನಾನು 'ಈ ಬಂಧನ'ದ ಬದಲು 'ಸ್ಕೂಲ್ ಮಾಸ್ಟರ್' ಹಾಕುತ್ತೇನೆ. ಅಲ್ಲಿನ ಮೇಷ್ಟ್ರಿಗೆ ಮಕ್ಕಳಾಚೆಗೂ ಒಂದು ಲೋಕವಿದೆ, ಶಾಲೆಯಿದೆ, ಗೌರವವಿದೆ; ಅವರಿಗೆ ಬೇಕಾದ್ದು ಏನೆಂಬುದು ನಮಗೆ ತಿಳಿಯುತ್ತದೆ. 'ಸ್ವಾಮಿದೇವನೆ ಲೋಕಪಾಲನೆ' ಬಂದಾಗ ನಮ್ಮ ಬಳಗದಲ್ಲಿ ಕೈಕಟ್ಟಿ ಎದ್ದು ನಿಂತು ಹಾಡಿದವರಿದ್ದರು. ಬೆಳಗಿನ ಪ್ರಾರ್ಥನೆಯ ಸಾಲಿನಲ್ಲಿ ನಿಂತ ನೆನಪು ಅರವತ್ತು ವರ್ಷವಾದರೂ ಕಾಲುಗಳಲ್ಲಿ ಉಳಿದಿರುತ್ತದೆ.

ಇದೇ ಕಥೆಯನ್ನು ಯಾರನ್ನೂ ಕೆಟ್ಟವರನ್ನಾಗಿ ಮಾಡದೆ ಹೇಳಿದ ಎರಡು ಚಿತ್ರಗಳಿವೆ. ಲಿಯೋ ಮೆಕ್ಯಾರಿ ನಿರ್ದೇಶನದ ಅಮೆರಿಕದ 'ಮೇಕ್ ವೇ ಫಾರ್ ಟುಮಾರೋ' (1937) ಒಂದೂವರೆ ಗಂಟೆಯ ಚಿತ್ರ. ಸಾಲಕ್ಕೆ ಮನೆ ಬ್ಯಾಂಕಿನ ಪಾಲಾಗಿ, ಐವರು ಮಕ್ಕಳಲ್ಲಿ ಯಾರ ಮನೆಯಲ್ಲೂ ಇಬ್ಬರಿಗೂ ಒಟ್ಟಿಗೆ ಜಾಗವಿಲ್ಲದೆ ಗಂಡಹೆಂಡಿರು ಬೇರೆ ಬೇರೆ ಊರಿಗೆ ಹೋಗುತ್ತಾರೆ. ಒಂದು ದೃಶ್ಯವನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಸೊಸೆ ಮನೆಯಲ್ಲಿ ಇಸ್ಪೀಟಿನ ಬ್ರಿಜ್ ಆಟ ಕಲಿಸುತ್ತಿದ್ದಾಳೆ, ಹಾಲಿನ ತುಂಬ ಅತಿಥಿಗಳು. ಆ ಹೊತ್ತಿಗೆ ದೂರದ ಊರಿನಿಂದ ಅಜ್ಜನ ಫೋನು ಬರುತ್ತದೆ. ಫೋನಿನಲ್ಲಿ ಜೋರಾಗಿ ಮಾತನಾಡಬೇಕೆಂದು ನಂಬಿದ ಕಾಲದ ಅಜ್ಜಿ, ಗಂಟಲೆತ್ತಿ ಗಂಡನ ಆರೋಗ್ಯ ವಿಚಾರಿಸುತ್ತಾಳೆ. ಮೊದಲು ಮುಜುಗರದಿಂದ ನಕ್ಕ ಅತಿಥಿಗಳು ಒಬ್ಬೊಬ್ಬರಾಗಿ ಎಲೆಗಳನ್ನು ಹಿಡಿದುಕೊಂಡೇ ಸುಮ್ಮನಾಗುತ್ತಾರೆ. ಆಕೆಯ ಬೆನ್ನು ಮಾತ್ರ ಅವರಿಗೆ ಕಾಣುತ್ತಿರುತ್ತದೆ. ಸೊಸೆ ಅಲ್ಲಿ ಕೆಟ್ಟವಳಲ್ಲ, ಅವಳ ಸಿಟ್ಟಿಗೂ ಕಾರಣವಿದೆ. ಹಾಗಿರುವುದರಿಂದಲೇ ನೋಡುವವರಿಗೆ ತಪ್ಪಿಸಿಕೊಳ್ಳಲು ದಾರಿಯಿಲ್ಲ. ಕೊನೆಯಲ್ಲಿ ಯಾವ ಶಿಷ್ಯನೂ ಬರುವುದಿಲ್ಲ, ರೈಲು ಹೊರಡುತ್ತದೆ.

ಈ ಚಿತ್ರವನ್ನು ನೋಡಿದ್ದ ಚಿತ್ರಕಥೆಗಾರ ಕೋಗೊ ನೋಡ ಅವರ ಜೊತೆ ಕುಳಿತು ಜಪಾನಿನ ನಿರ್ದೇಶಕ ಯಾಸುಜಿರೊ ಓಜು ಬರೆದದ್ದು 'ಟೋಕಿಯೋ ಸ್ಟೋರಿ' (1953). ಒನೊಮಿಚಿ ಎಂಬ ಕಡಲತಡಿಯ ಊರಿನಿಂದ ಟೋಕಿಯೋದ ಮಕ್ಕಳನ್ನು ನೋಡಲು ವೃದ್ಧ ದಂಪತಿ ಬರುತ್ತಾರೆ. ವೈದ್ಯನಾದ ಮಗನಿಗೆ ರೋಗಿಗಳ ಕರೆ, ಬ್ಯೂಟಿ ಪಾರ್ಲರ್ ನಡೆಸುವ ಮಗಳಿಗೆ ಗಿರಾಕಿಗಳ ಗಡಿಬಿಡಿ. ಯುದ್ಧದಲ್ಲಿ ತೀರಿಕೊಂಡ ಇನ್ನೊಬ್ಬ ಮಗನ ಹೆಂಡತಿ ನೊರಿಕೊ ಮಾತ್ರ ಕೆಲಸಕ್ಕೆ ರಜೆ ಹಾಕಿ ಊರು ತೋರಿಸುತ್ತಾಳೆ. ಖರ್ಚು ಹಂಚಿಕೊಂಡು ಮಕ್ಕಳು ಅವರನ್ನು ಅಟಾಮಿಯ ಬಿಸಿನೀರಿನ ಬುಗ್ಗೆಗಳ ಹೋಟೆಲಿಗೆ ಕಳಿಸುತ್ತಾರೆ, ಅಲ್ಲಿ ರಾತ್ರಿಯಿಡೀ ಹುಡುಗರ ಗದ್ದಲದಲ್ಲಿ ನಿದ್ದೆಯಿಲ್ಲ. ಬೆಳಗ್ಗೆ ಕಡಲಿನ ಕಟ್ಟೆಯ ಮೇಲೆ ಕುಳಿತಿದ್ದ ಅಜ್ಜಿ ಏಳುವಾಗ ಒಂದು ಕ್ಷಣ ತಲೆಸುತ್ತಿ ಕೈಯೂರಿ ಕೂರುತ್ತಾಳೆ; ಕಥೆಯ ದಿಕ್ಕು ಬದಲಾಗುವುದು ಅಲ್ಲಿ, ಆದರೆ ಅದನ್ನು ಯಾರೂ ಎತ್ತಿ ಹೇಳುವುದಿಲ್ಲ. ಓಜು ಕ್ಯಾಮೆರಾವನ್ನು ಚಾಪೆಯ ಮೇಲೆ ಕುಳಿತವರ ಕಣ್ಣಿನ ಮಟ್ಟದಲ್ಲಿ ಇಡುತ್ತಾರೆ, ಹಾಗಾಗಿ ನಾವೂ ಅವರ ಜೊತೆ ನೆಲದ ಮೇಲೆ ಕುಳಿತಂತೆ ಇರುತ್ತದೆ. ನಮ್ಮ ಬಳಗದ ಎಂಬತ್ತೆರಡರ ಅಜ್ಜಿಯೊಬ್ಬರು ಚಿತ್ರದುದ್ದಕ್ಕೂ ಎಲ್ಲರ ಕೈಯಲ್ಲಾಡುವ ಬೀಸಣಿಗೆಗಳನ್ನೇ ನೋಡುತ್ತಿದ್ದು, "ಮಗಳು ಬೀಸುವುದಕ್ಕೂ ಸೊಸೆ ಬೀಸುವುದಕ್ಕೂ ವ್ಯತ್ಯಾಸ ನೋಡಿದೆಯಾ? ಸೊಸೆ ಅತ್ತೆಮಾವನಿಗೆ ಬೀಸುತ್ತಾಳೆ, ಮಗಳು ತನಗೇ ಬೀಸಿಕೊಳ್ಳುತ್ತಾಳೆ" ಎಂದರು. ಓಜು ಬಗ್ಗೆ ಓದಿದ ಯಾವ ಲೇಖನದಲ್ಲೂ ನನಗೆ ಇದು ಸಿಕ್ಕಿರಲಿಲ್ಲ.

ಈ ಎರಡರಲ್ಲಿ ಒಂದನ್ನು ಆರಿಸಬೇಕಾದರೆ, ಹಿರಿಯರ ಜೊತೆ ನೋಡಲು 'ಟೋಕಿಯೋ ಸ್ಟೋರಿ', ಮಕ್ಕಳು ತಾವೇ ನೋಡಿಕೊಳ್ಳಲು 'ಮೇಕ್ ವೇ ಫಾರ್ ಟುಮಾರೋ' ಎಂಬುದು ನನ್ನ ಅಭಿಪ್ರಾಯ. ಜಪಾನಿನ ಅಜ್ಜ ಅಜ್ಜಿ ನಿರಾಶೆಯನ್ನು ನುಂಗಿಕೊಂಡು, ನಮ್ಮ ಮಕ್ಕಳು ಬೇರೆಯವರ ಮಕ್ಕಳಿಗಿಂತ ವಾಸಿ ಎಂದು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಾರೆ. ಆ ಮಾತು ಹಿರಿಯರಿಗೆ ಗೊತ್ತಿರುವ ಮಾತು. ಅಮೆರಿಕದ ಚಿತ್ರದಲ್ಲಿ ಅಂಥ ಸಮಾಧಾನವೂ ಇಲ್ಲ.

ಮರೆವಿನ ಮೂರು ದಾರಿ

ಮರೆಗುಳಿತನದ ಚಿತ್ರಗಳನ್ನು ಹೋಲಿಸುವಾಗ ನಾನು ಹೆಚ್ಚು ಎಚ್ಚರ ವಹಿಸುತ್ತೇನೆ, ಏಕೆಂದರೆ ಎದುರಿಗೆ ಕುಳಿತವರಲ್ಲಿ ಒಬ್ಬರಾದರೂ ಕನ್ನಡಕ ಎಲ್ಲಿಟ್ಟೆನೆಂದು ಅಂದು ಬೆಳಗ್ಗೆ ಹುಡುಕಿ ಒಳಗೊಳಗೇ ಹೆದರಿದವರಿರುತ್ತಾರೆ.

ಹೇಮಂತ್ ಎಂ. ರಾವ್ ನಿರ್ದೇಶನದ 'ಗೋಧಿ ಬಣ್ಣ ಸಾಧಾರಣ ಮೈಕಟ್ಟು' (2016) ಮತ್ತು ಸುಮಿತ್ರಾ ಭಾವೆ ಹಾಗೂ ಸುನಿಲ್ ಸುಕ್ತಣಕರ್ ಜೋಡಿಯ ಮರಾಠಿ ಚಿತ್ರ 'ಅಸ್ತು' ಒಂದೇ ಘಟನೆಯಿಂದ ಹೊರಡುತ್ತವೆ: ಮರೆವಿನ ಕಾಯಿಲೆಯ ತಂದೆ, ಜೊತೆಗಿದ್ದ ಮಗ ಅಥವಾ ಮಗಳ ಗಮನ ಒಂದು ಗಳಿಗೆ ತಪ್ಪಿದಾಗ, ನಗರದಲ್ಲಿ ಕಳೆದುಹೋಗುತ್ತಾರೆ. ಅಲ್ಲಿಂದ ಮುಂದೆ ಎರಡರ ದಾರಿ ಬೇರೆ. ಕನ್ನಡ ಚಿತ್ರದ ಹೆಸರೇ 'ಕಾಣೆಯಾಗಿದ್ದಾರೆ' ಪ್ರಕಟಣೆಯ ಭಾಷೆಯದು. ನಮ್ಮ ಪತ್ರಿಕೆಗಳಲ್ಲಿ, ಪೊಲೀಸ್ ಠಾಣೆಯ ಗೋಡೆಗಳ ಮೇಲೆ ಲಕ್ಷಾಂತರ ಜನರನ್ನು ಅದೇ ನಾಲ್ಕು ಪದಗಳಲ್ಲಿ ವರ್ಣಿಸಿದ್ದೇವೆ, ಆ ವರ್ಣನೆಯಿಂದ ಯಾರನ್ನೂ ಗುರುತು ಹಿಡಿಯಲು ಸಾಧ್ಯವಿಲ್ಲ. ರಕ್ಷಿತ್ ಶೆಟ್ಟಿ ನಟಿಸಿದ ಮಗ ಶಿವನಿಗೂ ಅಪ್ಪನ ಬಗ್ಗೆ ಅದಕ್ಕಿಂತ ಹೆಚ್ಚು ಹೇಳಲು ಬರುವುದಿಲ್ಲ, ಹುಡುಕಾಟದ ದಾರಿಯಲ್ಲಿ ಅವನು ಒಂದೊಂದಾಗಿ ಕಲಿಯಬೇಕಾಗುತ್ತದೆ. ಅನಂತ್ ನಾಗ್ ಅವರ ವೆಂಕೋಬ್ ರಾವ್ ಸಿಕ್ಕಿದವರ ನಡುವೆ, ರೌಡಿಗಳ ನಡುವೆಯೂ, ತಮ್ಮ ಹಳೆಯ ಪ್ರೀತಿಯ ಕಥೆಯನ್ನು ಎಷ್ಟು ಲವಲವಿಕೆಯಿಂದ ಹೇಳುತ್ತಾರೆಂದರೆ, ಕಾಯಿಲೆಯ ಆಚೆ ಇರುವ ಮನುಷ್ಯ ನಮಗೆ ಕಾಣುತ್ತಾನೆ. ಅಪರಾಧದ ಉಪಕಥೆ ಬೇಕಾದ್ದಕ್ಕಿಂತ ಹೆಚ್ಚು ಜಾಗ ತಿಂದಿದೆ ಎಂಬ ದೂರು ನನಗಿದೆ. ನಮ್ಮ ಬಳಗದ ಗಂಡಸರಿಗೆ ಮಾತ್ರ ಅದೇ ಭಾಗ ಹಿಡಿಸಿತು.

'ಅಸ್ತು' ಕನ್ನಡಿಗರು ನೋಡಲೇಬೇಕಾದ ಮರಾಠಿ ಚಿತ್ರ, ಅದಕ್ಕೆ ನೇರವಾದ ಕಾರಣವಿದೆ. ಮೋಹನ್ ಆಗಾಶೆ ನಟಿಸಿದ ಸಂಸ್ಕೃತ ಪಂಡಿತ ಚಕ್ರಪಾಣಿ ಶಾಸ್ತ್ರಿಗಳು ಪುಣೆಯ ಬೀದಿಯಲ್ಲಿ ಆನೆಯೊಂದನ್ನು ಕಂಡು ಮಗುವಿನಂತೆ ಅದರ ಹಿಂದೆ ಹೊರಟುಬಿಡುತ್ತಾರೆ. ಮಾವುತನ ಹೆಂಡತಿ ಚನ್ನಮ್ಮ ಕನ್ನಡದ ಹೆಣ್ಣುಮಗಳು. ಆಕೆಯ ಮಾತು ಶಾಸ್ತ್ರಿಗಳಿಗೆ ಪೂರ್ತಿ ತಿಳಿಯದು, ಶಾಸ್ತ್ರಿಗಳ ಶ್ಲೋಕಗಳು ಆಕೆಗೆ ತಿಳಿಯವು, ಆದರೂ ಉಣಿಸಿ ಮಲಗಿಸುವ ಆಕೆಯನ್ನು ಅವರು ತಾಯಿಯೆಂದೇ ತಿಳಿಯುತ್ತಾರೆ. ಈ ಪಾತ್ರಕ್ಕಾಗಿ ಅಮೃತಾ ಸುಭಾಷ್ ಅವರಿಗೆ ಅತ್ಯುತ್ತಮ ಪೋಷಕ ನಟಿಯ ರಾಷ್ಟ್ರಪ್ರಶಸ್ತಿ ಬಂತು. ಮನೆಯಲ್ಲಿ ಓದಿದ ಮಕ್ಕಳು ಅಪ್ಪನ ಮರೆವನ್ನು ಒಂದು ಸಮಸ್ಯೆಯಾಗಿ ಕಾಣುತ್ತಿರುವಾಗ, ಗುಡಿಸಲಿನ ಚನ್ನಮ್ಮನಿಗೆ ಎದುರಿಗಿರುವುದು ಹಸಿದ ಒಬ್ಬ ಮುದುಕ, ಅಷ್ಟೇ. ಬಡವರ ಒಳ್ಳೆಯತನವನ್ನು ಚಿತ್ರ ಸ್ವಲ್ಪ ಹೆಚ್ಚೇ ಮೆರೆಸುತ್ತದೆ ಎನಿಸಬಹುದು, ನನಗೂ ಅನಿಸಿದೆ. ಆದರೆ ಹೆಣ್ಣುಮಕ್ಕಳೇ ಆರೈಕೆಯ ಭಾರ ಹೊತ್ತ ಮನೆಗಳಲ್ಲಿ ನೋಡಲು ಇದಕ್ಕಿಂತ ಒಳ್ಳೆಯ ಚಿತ್ರ ನನಗೆ ಸಿಕ್ಕಿಲ್ಲ. ಆರೈಕೆ ಮಾಡುವವರ ದಣಿವನ್ನು ಅದು ತಪ್ಪಿತಸ್ಥ ಭಾವವಿಲ್ಲದೆ ಮಾತನಾಡಲು ಬಿಡುತ್ತದೆ.

ಫ್ಲೋರಿಯನ್ ಜೆಲರ್ ತಮ್ಮದೇ ನಾಟಕದಿಂದ ಮಾಡಿದ 'ದಿ ಫಾದರ್' (2020) ಇವೆರಡಕ್ಕೂ ಹೊರಗಿನದು. ಇಲ್ಲಿ ನಾವು ಮಗಳ ಬದಿಯಲ್ಲಿ ನಿಂತು ತಂದೆಯನ್ನು ನೋಡುವುದಿಲ್ಲ, ತಂದೆಯ ತಲೆಯೊಳಗೆ ಸಿಕ್ಕಿಕೊಳ್ಳುತ್ತೇವೆ. ಲಂಡನ್ನಿನ ಒಂದೇ ಮನೆಯಲ್ಲಿ ಅಡುಗೆಮನೆಯ ಬಣ್ಣ ಬದಲಾಗಿರುತ್ತದೆ, ಗೋಡೆಯ ಮೇಲಿದ್ದ ಚಿತ್ರಪಟ ಇಲ್ಲವಾಗಿರುತ್ತದೆ, ಮಗಳು ಕೋಳಿ ಸಾರಿಗೆಂದು ಹೊರಗೆ ಹೋಗಿ ಬೇರೆ ಮುಖದವಳಾಗಿ ಒಳಗೆ ಬರುತ್ತಾಳೆ. ಪಾತ್ರದ ಹೆಸರೂ ಆಂಥನಿ, ವೈದ್ಯರಿಗೆ ಹೇಳುವ ಜನ್ಮದಿನವೂ ನಟ ಆಂಥನಿ ಹಾಪ್ಕಿನ್ಸ್ ಅವರದೇ. ಈ ಪಾತ್ರಕ್ಕೆ ಅವರಿಗೆ ಆಸ್ಕರ್ ಬಂದಾಗ ವಯಸ್ಸು 83. ಕೈಗಡಿಯಾರಕ್ಕಾಗಿ ಅವರು ಪದೇ ಪದೇ ನಡೆಸುವ ಹುಡುಕಾಟದಲ್ಲಿ, ಕಳ್ಳತನವಾಗಿದೆಯೆಂಬ ಅನುಮಾನದಲ್ಲಿ, ಮರೆವಿನ ಕಾಯಿಲೆಯವರ ಜೊತೆ ಬದುಕಿದ ಯಾರಿಗಾದರೂ ತಮ್ಮ ಮನೆಯೇ ಕಾಣುತ್ತದೆ. ಕಲೆಯಾಗಿ ಮೂರರಲ್ಲಿ ಇದೇ ಮೇಲಿನದು ಎಂದು ನಾನು ಒಪ್ಪುತ್ತೇನೆ, ಆದರೆ ಹಿರಿಯರಿಗೆ ತೋರಿಸುವುದಿಲ್ಲ. ಮರೆವು ಆರಂಭವಾಗಿರುವವರನ್ನು ಕೂರಿಸಿಕೊಂಡು ನೋಡುವುದಂತೂ ಕ್ರೌರ್ಯವೇ ಸರಿ. ಇದನ್ನು ನೋಡಬೇಕಾದವರು, "ಈಗಷ್ಟೇ ಹೇಳಿದೆನಲ್ಲಪ್ಪ" ಎಂದು ದಿನಕ್ಕೆ ಹತ್ತು ಸಲ ರೇಗುವ ನಾವು.

ಕೊನೆಯ ಕೆಲಸ

ನಿವೃತ್ತರಾಗಿ ಆರು ತಿಂಗಳಾದ ಸರ್ಕಾರಿ ನೌಕರರಿಗೆ ಯಾವ ಚಿತ್ರ ಎಂದು ಯಾರಾದರೂ ಕೇಳಿದರೆ ನಾನು ಯೋಚಿಸುವುದೇ ಇಲ್ಲ. ಅಕಿರಾ ಕುರೊಸಾವಾ ನಿರ್ದೇಶನದ 'ಇಕಿರು' (1952) ಕಡತಗಳ ಗುಡ್ಡದ ಹಿಂದೆ ಕುಳಿತ ನಗರಾಡಳಿತದ ವಿಭಾಗಾಧಿಕಾರಿ ವತನಾಬೆಯ ಕಥೆ. ಕೊಚ್ಚೆಗುಂಡಿಯನ್ನು ಮುಚ್ಚಿ ಮಕ್ಕಳಿಗೆ ಆಟದ ಜಾಗ ಮಾಡಿಕೊಡಿ ಎಂದು ಅರ್ಜಿ ಹಿಡಿದು ಬಂದ ಹೆಂಗಸರನ್ನು ಒಂದು ಮೇಜಿನಿಂದ ಇನ್ನೊಂದಕ್ಕೆ, ಆರೋಗ್ಯ ವಿಭಾಗದಿಂದ ಉದ್ಯಾನ ವಿಭಾಗಕ್ಕೆ, ಅಲ್ಲಿಂದ ಒಳಚರಂಡಿಯವರ ಬಳಿಗೆ ಅಲೆದಾಡಿಸುವ ದೃಶ್ಯ ಬಂದಾಗ ನಮ್ಮ ಬಳಗದ ನಿವೃತ್ತ ಶಿರಸ್ತೇದಾರರು ನಗಲಾರಂಭಿಸಿ, ನಡುವೆ ಯಾಕೋ ನಿಲ್ಲಿಸಿದರು. ಹೊಟ್ಟೆಯ ಕ್ಯಾನ್ಸರಿನಿಂದ ಹೆಚ್ಚು ದಿನವಿಲ್ಲವೆಂದು ತಿಳಿದ ಮೇಲೆ ವತನಾಬೆ ಅದೇ ಅರ್ಜಿಯನ್ನು ಹಿಡಿದು ಬೇಡುತ್ತ, ಕಾಯುತ್ತ, ಮೇಲಧಿಕಾರಿಗಳ ಬಾಗಿಲಲ್ಲಿ ಕುಗ್ಗಿ ನಿಲ್ಲುತ್ತಾನೆ. ವಿಚಿತ್ರವೆಂದರೆ ನಾಯಕ ಚಿತ್ರ ಮುಗಿಯುವ ಬಹಳ ಮೊದಲೇ ಸಾಯುತ್ತಾನೆ; ಉಳಿದ ಭಾಗವೆಲ್ಲ ಆತನ ಮನೆಯಲ್ಲಿ ಸೇರಿದ ಸಹೋದ್ಯೋಗಿಗಳು ಕುಡಿಯುತ್ತ, ಆ ಉದ್ಯಾನದ ಹೆಗ್ಗಳಿಕೆ ಯಾರದೆಂದು ವಾದಿಸುವುದು. ನಮ್ಮಲ್ಲಿ ಎಷ್ಟು ವೈಕುಂಠ ಸಮಾರಾಧನೆಗಳಲ್ಲಿ ಇಂಥ ಮಾತು ಕೇಳಿಲ್ಲ! ಎರಡು ಗಂಟೆ ಇಪ್ಪತ್ತು ನಿಮಿಷಕ್ಕಿಂತ ಉದ್ದದ ಚಿತ್ರವಾದ್ದರಿಂದ, ನಡುವೆ ಕಾಫಿಗೆ ನಿಲ್ಲಿಸುವುದಾದರೆ ವತನಾಬೆಯ ಸಾವಿನ ಸುದ್ದಿ ಬರುವಲ್ಲಿ ನಿಲ್ಲಿಸಿ. ಅದು ತಾನಾಗಿ ಎರಡು ಅಂಕಗಳಾಗಿಯೇ ಇದೆ.

ಅದೇ ವರ್ಷ ಇಟಲಿಯಲ್ಲಿ ಬಂದ ವಿಟ್ಟೋರಿಯೊ ಡಿ ಸಿಕಾ ಅವರ 'ಉಂಬೆರ್ತೊ ಡಿ.' ಕೂಡ ಸರ್ಕಾರಿ ನೌಕರನದೇ, ಆದರೆ ಅವನಿಗೆ ಬೇಕಾದ್ದು ಪಿಂಚಣಿಯಲ್ಲಿ ಬಾಡಿಗೆ ಕಟ್ಟುವಷ್ಟು ದುಡ್ಡು ಮತ್ತು ತನ್ನ ನಾಯಿ. ಆ ಪಾತ್ರದಲ್ಲಿರುವ ಕಾರ್ಲೊ ಬತಿಸ್ತಿ ನಟರಲ್ಲ, ಭಾಷಾಶಾಸ್ತ್ರದ ಪ್ರಾಧ್ಯಾಪಕರು. ಭಿಕ್ಷೆಗೆಂದು ಅಂಗೈ ಚಾಚಿದ ಉಂಬೆರ್ತೊ, ದಾರಿಹೋಕನೊಬ್ಬ ಜೇಬಿಗೆ ಕೈ ಹಾಕುವಷ್ಟರಲ್ಲಿ, ಮಳೆ ಬರುತ್ತಿದೆಯೇ ಎಂದು ನೋಡುತ್ತಿದ್ದವನಂತೆ ಕೈಯನ್ನು ಮಗುಚಿಬಿಡುತ್ತಾನೆ. ಆಮೇಲೆ ಟೋಪಿಯನ್ನು ನಾಯಿಯ ಬಾಯಿಗೆ ಕೊಟ್ಟು ತಾನು ಕಂಬದ ಹಿಂದೆ ಅವಿತುಕೊಳ್ಳುತ್ತಾನೆ. ಮಧ್ಯಮವರ್ಗದ ಮುಪ್ಪಿನಲ್ಲಿ ಹಣದ ಭಯ ಹೇಗಿರುತ್ತದೆ ಎಂಬುದನ್ನು ಇಷ್ಟು ಚೆನ್ನಾಗಿ ತೋರಿಸಿದ ಮತ್ತೊಂದು ದೃಶ್ಯವನ್ನು ನಾನು ಕಂಡಿಲ್ಲ. ಸಾಕುಪ್ರಾಣಿಯನ್ನು ಇತ್ತೀಚೆಗೆ ಕಳೆದುಕೊಂಡವರಿಗೆ ಮಾತ್ರ ಇದು ಬೇಡ.

ಸೋಲಿನ ಚಿತ್ರ ಸಾಕು, ಹೊರಗೆ ಗಾಳಿಗೆ ಹೋಗೋಣ ಎನ್ನುವವರಿಗೆ ಡೇವಿಡ್ ಲಿಂಚ್ ನಿರ್ದೇಶನದ 'ದಿ ಸ್ಟ್ರೇಟ್ ಸ್ಟೋರಿ' (1999). ಕಣ್ಣು ಮಂದವಾಗಿ ಕಾರು ಓಡಿಸುವ ಪರವಾನಗಿ ಇಲ್ಲದ ಆಲ್ವಿನ್ ಸ್ಟ್ರೇಟ್ ಎಂಬ ವೃದ್ಧರು, ಹಲವು ವರ್ಷಗಳಿಂದ ಮಾತು ಬಿಟ್ಟಿದ್ದ ಅಣ್ಣನಿಗೆ ಪಾರ್ಶ್ವವಾಯು ಎಂದು ಕೇಳಿ, ಹುಲ್ಲು ಕತ್ತರಿಸುವ ಯಂತ್ರದ ಮೇಲೆ ಕುಳಿತು ಅಯೋವಾದಿಂದ ವಿಸ್ಕಾನ್ಸಿನ್ ತನಕ ಸುಮಾರು 390 ಕಿಲೋಮೀಟರ್ ಹೋದದ್ದು 1994ರ ನಿಜ ಸಂಗತಿ. ಆ ಪಾತ್ರ ವಹಿಸಿದ ರಿಚರ್ಡ್ ಫಾರ್ನ್ಸ್‌ವರ್ತ್ ಅವರಿಗೆ ಚಿತ್ರೀಕರಣದ ವೇಳೆ ಕ್ಯಾನ್ಸರ್ ಇತ್ತು, ಪರದೆಯ ಮೇಲೆ ಕಾಣುವ ನಡಿಗೆಯ ಕಷ್ಟ ಅಭಿನಯವಲ್ಲ. ಚಿತ್ರ ಯಂತ್ರದಷ್ಟೇ ನಿಧಾನ; ಮೊಮ್ಮಕ್ಕಳು ಮೊಬೈಲ್ ತೆಗೆಯುತ್ತಾರೆ, ಅಜ್ಜಂದಿರು ಮಿಸುಕುವುದಿಲ್ಲ. ಆಲ್ವಿನ್ ಅವರಿಗೆ ಬೇಕಾದ್ದು ಒಂದೇ, ಅಣ್ಣನ ಪಕ್ಕ ಕುಳಿತು ನಕ್ಷತ್ರ ನೋಡುವುದು. ದಾಯಾದಿ ಜಗಳದಲ್ಲಿ ತಮ್ಮನ ಜೊತೆ ಮಾತು ಬಿಟ್ಟ ನಮ್ಮ ಸದಸ್ಯರೊಬ್ಬರು ಚಿತ್ರ ಮುಗಿದ ಮೇಲೆ ಕುರ್ಚಿ ಜೋಡಿಸಲು ನಿಲ್ಲದೆ ಹೊರಟುಹೋದರು. ಎಲ್ಲಿಗೆ ಎಂದು ನಾನು ಕೇಳಲಿಲ್ಲ.

ದೇಹದ ಮಾತು

ಶೂಜಿತ್ ಸರ್ಕಾರ್ ಅವರ 'ಪಿಕು' (2015) ಮತ್ತು ಮೊದಲೇ ಹೇಳಿದ 'ಅಮೋರ್' ಎರಡೂ ಮುಪ್ಪಿನ ದೇಹವನ್ನು ಮುಚ್ಚುಮರೆಯಿಲ್ಲದೆ ಮುಂದಿಡುತ್ತವೆ. ಒಂದರಲ್ಲಿ ಅಮಿತಾಭ್ ಬಚ್ಚನ್ ಅವರ ಭಾಸ್ಕರ್ ಬ್ಯಾನರ್ಜಿ ಮಲಬದ್ಧತೆಯ ವರದಿಯನ್ನು ಮಗಳ ಕಚೇರಿಗೇ ಮುಟ್ಟಿಸುತ್ತಾರೆ, ಕಮೋಡ್ ಕುರ್ಚಿಯನ್ನು ಕಾರಿನ ಮೇಲೆ ಕಟ್ಟಿಕೊಂಡು ದೆಹಲಿಯಿಂದ ಕೊಲ್ಕತ್ತಾಕ್ಕೆ ಹೊರಡುತ್ತಾರೆ. ನಮ್ಮ ಬಳಗದಲ್ಲಿ ಎಲ್ಲಕ್ಕಿಂತ ಜೋರಾಗಿ ನಗು ಎದ್ದದ್ದು ಈ ಚಿತ್ರಕ್ಕೆ. ಇಸಬ್‌ಗೋಲ್ ಬಗ್ಗೆ ಅಂದು ನಡೆದ ಚರ್ಚೆ ಚಿತ್ರಕ್ಕಿಂತ ಉದ್ದವಾಯಿತು. ಭಾಸ್ಕರ್ ಬಾಬು ಸ್ವಾರ್ಥಿ, ಹಟಮಾರಿ, ಮಗಳ ಮದುವೆಗೆ ತಾವೇ ಅಡ್ಡಗಾಲು. ಹೀಗೆ ಹಿರಿಯರನ್ನು ಪೂಜೆಯ ಪೀಠದಿಂದ ಇಳಿಸಿ, ಸಿಟ್ಟು ಬರಿಸುವ ಮನುಷ್ಯರನ್ನಾಗಿ ತೋರಿಸುವುದು ಅವರಿಗೆ ಮಾಡುವ ದೊಡ್ಡ ಉಪಕಾರ ಎಂದು ನನಗನಿಸುತ್ತದೆ. 'ಅಮೋರ್' ಬಗ್ಗೆ ಇಷ್ಟು ಹೇಳುತ್ತೇನೆ: ತಿಂಡಿಯ ಮೇಜಿನಲ್ಲಿ ಹೆಂಡತಿ ಇದ್ದಕ್ಕಿದ್ದಂತೆ ಕಲ್ಲಾಗಿ ಕೂರುತ್ತಾಳೆ, ಗಂಡ ನಲ್ಲಿಯನ್ನು ತಿರುಗಿಸಿ ಬಟ್ಟೆ ಒದ್ದೆ ಮಾಡಿ ಆಕೆಯ ಮುಖ ಒರೆಸುತ್ತಾನೆ, ಬಟ್ಟೆ ಬದಲಿಸಲು ಒಳಕೋಣೆಗೆ ಹೋಗುತ್ತಾನೆ, ನೀರಿನ ಸದ್ದು ಹಾಗೆಯೇ ಕೇಳುತ್ತಿರುತ್ತದೆ. ಆ ಸದ್ದು ನಿಲ್ಲುತ್ತದೆ. ಅಷ್ಟೇ, ಆದರೆ ಉಸಿರು ಬಿಗಿಯಾಗುತ್ತದೆ. ಇದು ಒಬ್ಬರೇ, ಗಟ್ಟಿ ಮನಸ್ಸಿನಲ್ಲಿ ನೋಡುವ ಚಿತ್ರ. ಆರೈಕೆ ನಡೆಯುತ್ತಿರುವ ಮನೆಯಲ್ಲಿ ಅದರ ಕೊನೆಯನ್ನು ಯಾರಿಗೂ ತೋರಿಸಬೇಡಿ.

ಇಲ್ಲಿಯವರೆಗೆ ಬರೆದದ್ದನ್ನು ಓದಿ ನೋಡಿದರೆ ಎಲ್ಲ ಗಂಡಸರೇ ಆದರು ಎಂದು ತಿಳಿಯುತ್ತದೆ, ತಪ್ಪು ನನ್ನದೊಂದೇ ಅಲ್ಲ. ಮುದುಕನಿಗೆ ಪ್ರಯಾಣ, ಮುದುಕಿಗೆ ಅಡುಗೆಮನೆ ಎಂಬ ಹಂಚಿಕೆ ಎಲ್ಲ ದೇಶಗಳ ಸಿನಿಮಾದಲ್ಲೂ ಇದೆ. ಅದನ್ನು ಮುರಿದವುಗಳಲ್ಲಿ ನನಗೆ ಮೆಚ್ಚಿಗೆಯಾದದ್ದು ಕೊರಿಯಾದ ಲೀ ಚಾಂಗ್-ಡಾಂಗ್ ಅವರ 'ಪೊಯಟ್ರಿ' (2010). ಅರವತ್ತಾರರ ಮಿಜಾ ಮೊಮ್ಮಗನನ್ನು ಸಾಕುತ್ತ, ಲಕ್ವ ಹೊಡೆದ ಮುದುಕನ ಮನೆಯಲ್ಲಿ ಕೆಲಸ ಮಾಡುತ್ತ, ಕವಿತೆ ಬರೆಯುವ ತರಗತಿಗೆ ಸೇರುತ್ತಾಳೆ. ಅದೇ ಹೊತ್ತಿಗೆ ಪದಗಳು ಕೈಬಿಡತೊಡಗಿವೆ, ಮೊಮ್ಮಗ ಘೋರ ಅಪರಾಧವೊಂದರಲ್ಲಿ ಸಿಕ್ಕಿದ್ದಾನೆ. ನೆಲಕ್ಕೆ ಬಿದ್ದ ಏಪ್ರಿಕಾಟ್ ಹಣ್ಣನ್ನು ಕಂಡು ಆಕೆ ಪುಟ್ಟ ಪುಸ್ತಕದಲ್ಲಿ ಗೀಚಿಕೊಳ್ಳುವಾಗ, ಹೋಗಿದ್ದ ಗಂಭೀರ ಕೆಲಸವನ್ನೇ ಮರೆತಿರುತ್ತಾಳೆ. ಬಳಗದ ಹೆಂಗಸರಿಗೆ ಇದನ್ನು ಬೇರೆಯಾಗಿ ತೋರಿಸಿದೆವು. ಮಕ್ಕಳ ತಪ್ಪನ್ನು ಮುಚ್ಚಬೇಕೇ ಬೇಡವೇ ಎಂಬುದರ ಮೇಲೆ ಸಂಜೆ ಏಳರವರೆಗೆ ಜಗಳವಾಯಿತು. ಹದಿಹರೆಯದವರನ್ನು ಕೂರಿಸಿಕೊಂಡು ನೋಡುವ ಮೊದಲು ಆ ಅಪರಾಧ ಎಂಥದೆಂದು ದೊಡ್ಡವರು ತಿಳಿದುಕೊಂಡಿರಲಿ.

ಆರಿಸುವ ಮುನ್ನ ನೋಡಿಕೊಳ್ಳಬೇಕಾದ ಇನ್ನೊಂದು ವಿಷಯ ನಟರ ವಯಸ್ಸು. 'ಟೋಕಿಯೋ ಸ್ಟೋರಿ'ಯ ತಂದೆ ಚಿಶೂ ರ್ಯೂ ಅವರಿಗೆ ಆಗ 49, ಅವರ ಮಗಳಾಗಿ ನಟಿಸಿದ ಹರುಕೊ ಸುಗಿಮುರಾ ಅವರಿಗೆ 44. 'ಇಕಿರು' ಚಿತ್ರದ ತಕಾಶಿ ಶಿಮುರಾ ಐವತ್ತು ಮುಟ್ಟಿರಲಿಲ್ಲ. ಹಿಂದಿಯ 'ಸಾರಾಂಶ್' (1984) ಚಿತ್ರದಲ್ಲಿ ಮಗನನ್ನು ಕಳೆದುಕೊಂಡ ನಿವೃತ್ತ ಮುಖ್ಯೋಪಾಧ್ಯಾಯರಾಗಿ ನಟಿಸಿದ ಅನುಪಮ್ ಖೇರ್ ಅವರಿಗಂತೂ ಇಪ್ಪತ್ತೆಂಟೋ ಇಪ್ಪತ್ತೊಂಬತ್ತೋ. ಇವರೆಲ್ಲ ದೊಡ್ಡ ನಟರೇ, ಆದರೂ ನಮ್ಮ ಹಿರಿಯರ ಕಣ್ಣು ಮಂಡಿಯನ್ನು ನೋಡುತ್ತದೆ. "ಇವನು ಏಳುವಾಗ ಕೈಯೂರಲಿಲ್ಲ" ಎಂದು ಒಂದೇ ಮಾತಿನಲ್ಲಿ ಮೇಕಪ್ಪನ್ನು ತಳ್ಳಿಹಾಕಿದವರಿದ್ದಾರೆ. ಅಡಿಬರಹದ ಸಮಸ್ಯೆ ಇದಕ್ಕಿಂತ ದೊಡ್ಡದು. ಪೊರೆ ಬಂದ ಕಣ್ಣಿಗೆ ಇಂಗ್ಲಿಷಿನ ಓಡುವ ಸಾಲುಗಳು ದಕ್ಕುವುದಿಲ್ಲ, ಆದ್ದರಿಂದ ಮಾತು ಕಡಿಮೆಯಿರುವ ಚಿತ್ರ ಆರಿಸಿ, ಇಲ್ಲವೇ ಒಬ್ಬರು ಪಕ್ಕದಲ್ಲಿ ಕುಳಿತು ಕನ್ನಡದಲ್ಲಿ ಹೇಳುತ್ತಿರಲಿ. 'ಟೋಕಿಯೋ ಸ್ಟೋರಿ'ಗೆ ಇದು ಸುಲಭವಾಯಿತು, 'ಇಕಿರು'ವಿಗೆ ನನ್ನ ಗಂಟಲು ಕಟ್ಟಿತು.

ಕಾರಣ ಕೇಳದೆ ಒಂದೇ ಒಂದು ಹೇಳು ಎನ್ನುವವರಿಗೆ ನನ್ನ ಉತ್ತರ, ಅಡಿಬರಹ ಬೇಡದ ರಾಮ್ ರೆಡ್ಡಿ ನಿರ್ದೇಶನದ 'ತಿಥಿ'. 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದಲ್ಲಿ ಗೌರವ ಪಡೆದು, ಮರುವರ್ಷ ಇಲ್ಲಿ ತೆರೆಕಂಡ ಈ ಚಿತ್ರವನ್ನು ಮಂಡ್ಯ ಸೀಮೆಯ ನೊದೆಕೊಪ್ಪಲಿನಲ್ಲಿ, ಕ್ಯಾಮೆರಾ ಕಂಡಿರದ ಹಳ್ಳಿಯವರನ್ನೇ ಹಾಕಿ ತೆಗೆದದ್ದು. ಕಥೆ ಆ ಊರಿನವರೇ ಆದ ಈರೇಗೌಡರದು. ನೂರೊಂದು ವರ್ಷದ ಸೆಂಚುರಿ ಗೌಡ ಹೋಗಿಬರುವವರನ್ನೆಲ್ಲ ಬೈದು ಮುಗಿಸಿ ಸತ್ತುಹೋಗುತ್ತಾನೆ. ಹನ್ನೊಂದನೆಯ ದಿನದ ತಿಥಿಯೂಟಕ್ಕೆ ಊರೇ ಸಿದ್ಧವಾಗುತ್ತದೆ. ಹಿರಿಮಗ ಗಡ್ಡಪ್ಪನಿಗೆ ಅಪ್ಪ ಸತ್ತದ್ದರಿಂದ ಏನೂ ಆಗಿಲ್ಲ. ಬ್ರಾಂಡಿ ಬಾಟಲಿಯನ್ನು ಜೇಬಿನಲ್ಲಿಟ್ಟುಕೊಂಡು ಹೊಲದ ಬದುವಿನ ಮೇಲೆ ನಡೆಯುತ್ತಲೇ ಇರುತ್ತಾನೆ. ಜಮೀನು ತನ್ನ ಹೆಸರಿಗಾಗಲೆಂದು ಮಗ ತಮ್ಮಣ್ಣ, ಬದುಕಿರುವ ಅಪ್ಪನಿಗೆ ಮರಣ ಪ್ರಮಾಣಪತ್ರ ಮಾಡಿಸಲು ಕಚೇರಿಯಲ್ಲಿ ಲಂಚ ಕೊಡುತ್ತಾನೆ, ಅಪ್ಪ ಕಣ್ಣಿಗೆ ಬೀಳದಿರಲೆಂದು ದೂರ ಕಳಿಸುತ್ತಾನೆ. 'ಸ್ಕೂಲ್ ಮಾಸ್ಟರ್' ನಿರ್ದೇಶಕರ ಕೈಗೆ ಇದನ್ನು ಕೊಟ್ಟಿದ್ದರೆ ಮೂರು ಗಂಟೆ ಅಳಿಸುತ್ತಿದ್ದರು. ಇಲ್ಲಿ ಗಡ್ಡಪ್ಪ ಕುರಿಗಾರರ ಬಿಡಾರದಲ್ಲಿ ಕೂತು ತನ್ನ ಬದುಕಿನ ಅತಿ ನೋವಿನ ಸಂಗತಿಯನ್ನು ಯಾರದೋ ಊರಿನ ಸುದ್ದಿಯಂತೆ ಹೇಳಿ ಮುಗಿಸುತ್ತಾನೆ. ಅವನಿಗೆ ಜಮೀನು ಬೇಡ, ಮಗನ ಪಶ್ಚಾತ್ತಾಪ ಬೇಡ, ನೋಡುವ ನಮ್ಮ ಮರುಕವಂತೂ ಬೇಡವೇ ಬೇಡ.

ನಾವು 'ತಿಥಿ' ತೋರಿಸಿದ್ದು ನವೆಂಬರಿನಲ್ಲಿ. ಪಿಂಚಣಿದಾರರೆಲ್ಲ ಬ್ಯಾಂಕಿಗೆ ಹೋಗಿ ತಾವು ಬದುಕಿದ್ದೇವೆಂದು ಪ್ರಮಾಣಪತ್ರ ಕೊಟ್ಟು ಬರುವ ತಿಂಗಳು ಅದು. ತಮ್ಮಣ್ಣ ಮರಣಪತ್ರಕ್ಕೆ ದುಡ್ಡು ಎಣಿಸುವ ದೃಶ್ಯ ಬಂದಾಗ, ಅಂದು 'ಅಮೋರ್' ಬಿಟ್ಟು ಎದ್ದುಹೋಗಿದ್ದ ಉಪನ್ಯಾಸಕರು ಹಿಂದಿನ ಸಾಲಿನಿಂದ, "ನೋಡ್ರಪ್ಪ, ಅವನ ಕೆಲಸ ಎಷ್ಟು ಬೇಗ ಆಯ್ತು! ನನ್ನ ಬೆರಳಚ್ಚು ಹಿಡೀತಿಲ್ಲ ಅಂತ ಬ್ಯಾಂಕಿನವರು ನಾಲ್ಕು ಸಲ ವಾಪಸ್ ಕಳಿಸಿದ್ದಾರೆ" ಎಂದರು. ಮುಂದಿನ ಐದು ನಿಮಿಷದ ಮಾತು ಯಾರಿಗೂ ಕೇಳಿಸಲಿಲ್ಲ, ಹಿಂದಕ್ಕೆ ತಿರುಗಿಸಿ ಮತ್ತೆ ಹಾಕಬೇಕಾಯಿತು.